ಗೌಟ್ ರೋಗದ ಚಿಕಿತ್ಸೆಯಲ್ಲಿ ಯೂರಿಕ್ ಆಮ್ಲದ ಏರಿಳಿತಗಳು

ಗೌಟ್ ರೋಗಕ್ಕೆ ಔಷಧವನ್ನು ಆರಂಭಿಸಿದ ಮೊದಲ ತಿಂಗಳುಗಳಲ್ಲಿ ವೈದ್ಯನಿಗೂ ರೋಗಿಗೂ ಒಂದು ವಿಲಕ್ಷಣ ಸಂಗತಿ ಎದುರಾಗುವುದುಂಟು. ರಕ್ತಪರೀಕ್ಷೆಯ ಪ್ರಕಾರ ಯೂರಿಕ್ ಆಮ್ಲದ ಪ್ರಮಾಣವು ಇಳಿದಿರುತ್ತದೆ. ಆದರೆ ಕಾಲಿನ ಹೆಬ್ಬೆರಳು ಮತ್ತೊಮ್ಮೆ ಕೆಂಪೇರಿ, ಊದಿಕೊಂಡು, ಹೊದಿಕೆಯ ಸ್ಪರ್ಶವನ್ನೂ ತಾಳಲಾರದಂತೆ ನೋಯತೊಡಗುತ್ತದೆ. ಔಷಧವೇ ರೋಗವನ್ನು ಕೆರಳಿಸಿತೆಂದು ಭಾವಿಸಿ ರೋಗಿಯು ಅದನ್ನು ತ್ಯಜಿಸುತ್ತಾನೆ. ಯೂರಿಕ್ ಆಮ್ಲವು ಪುನಃ ಮೇಲೇರುತ್ತದೆ. ಕೆಲಕಾಲದ ಮೇಲೆ ರೋಗವು ಹಿಂದಿಗಿಂತ ಬಲವಾಗಿ ಮರಳುತ್ತದೆ. ಸಾಧ್ಯವಾಗಿದ್ದ ಗುಣವು ಹೀಗೆ ಕೈತಪ್ಪುವುದು ಅಪರೂಪವೇನೂ ಅಲ್ಲ.

ಈ ರೋಗದಲ್ಲಿ ಪ್ರಯೋಗಶಾಲೆಯ ಅಂಕಿಗೂ ರೋಗಿಯ ಅನುಭವಕ್ಕೂ ಹೊಂದಿಕೆಯಾಗದಂತೆ ತೋರುವ ಸಂದರ್ಭಗಳು ಮುಖ್ಯವಾಗಿ ಮೂರು. ನೋವು ತೀವ್ರವಾಗಿರುವಾಗ ಯೂರಿಕ್ ಆಮ್ಲವು ಸಹಜ ಪ್ರಮಾಣದಲ್ಲಿರಬಹುದು. ಅದು ಇಳಿಯುತ್ತಿರುವಾಗಲೇ ಹೊಸ ನೋವು ಉಂಟಾಗಬಹುದು. ಇಳಿದು ಸಹಜ ಮಟ್ಟವನ್ನು ತಲುಪಿದ ಮೇಲೂ ರೋಗವು ಬಹುಕಾಲ ಉಳಿದಿರಬಹುದು. ಈ ಮೂರೂ ಒಂದೇ ತತ್ತ್ವದಿಂದ ಹುಟ್ಟುವುವೆಂಬುದನ್ನೂ, ಆ ತತ್ತ್ವವನ್ನು ಅರಿತರೆ ಚಿಕಿತ್ಸೆಯ ಕ್ರಮವು ತಾನಾಗಿಯೇ ಸ್ಪಷ್ಟವಾಗುವುದೆಂಬುದನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಪೂರ್ವೇತಿಹಾಸ

ಗೌಟ್ ಬಹು ಪ್ರಾಚೀನವಾದ ರೋಗ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೯ನೆಯ ಅಧ್ಯಾಯವು ವಾತರಕ್ತವೆಂಬ ವ್ಯಾಧಿಯನ್ನು ವಿವರಿಸುತ್ತದೆ. ಕೈಕಾಲುಗಳ ಸಂಧಿಗಳಲ್ಲಿ ಅದು ನೆಲೆಗೊಳ್ಳುವುದನ್ನು ಹೇಳಿ, ಅದಕ್ಕೆ ಆಢ್ಯವಾತವೆಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಆಢ್ಯನೆಂದರೆ ಧನಿಕ. ಯೂರೋಪಿನಲ್ಲಿಯೂ ಗೌಟ್ ಅರಸರ ರೋಗವೆಂದೇ ಪ್ರಸಿದ್ಧವಾಗಿತ್ತು. ವಾತರಕ್ತವೆಂಬ ಹೆಸರು ಇಂದಿನ ಗೌಟನ್ನು ಮಾತ್ರವೇ ಸೂಚಿಸುವುದೆಂದು ಹೇಳುವಂತಿಲ್ಲವಾದರೂ, ಸುಖಭೋಜನಕ್ಕೂ ಈ ಬಗೆಯ ಕೀಲುಬೇನೆಗೂ ಇರುವ ಸಂಬಂಧವನ್ನು ಎರಡು ಬೇರೆ ಬೇರೆ ವೈದ್ಯಪರಂಪರೆಗಳು ಗುರುತಿಸಿದ್ದುದು ಗಮನಾರ್ಹ.

ಸ್ವೀಡನ್ ದೇಶದ ರಸಾಯನವಿಜ್ಞಾನಿ ಷೀಲೆಯು ೧೭೭೬ರಲ್ಲಿ ಮೂತ್ರಕೋಶದ ಕಲ್ಲುಗಳಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. ಗೌಟ್ ರೋಗಿಗಳ ಚರ್ಮದಡಿಯಲ್ಲಿ ಬೆಳೆಯುವ, ಟೋಫಸ್ ಎಂಬ ಹೆಸರಿನ ಸುಣ್ಣದಂಥ ಗಂಟುಗಳಲ್ಲಿಯೂ ಅದೇ ಆಮ್ಲದ ಲವಣವಿರುವುದನ್ನು ಇಂಗ್ಲೆಂಡಿನ ವುಲ್ಲಾಸ್ಟನ್ ೧೭೯೭ರಲ್ಲಿ ತೋರಿಸಿದನು. ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ೧೮೪೮ರಲ್ಲಿ ರೋಗಿಗಳ ರಕ್ತದಲ್ಲಿಯೇ ಯೂರಿಕ್ ಆಮ್ಲವು ಅಧಿಕವಾಗಿರುವುದನ್ನು ಪ್ರಕಟಿಸಿದನು. ಸೀರಮನ್ನು ಅಗಲವಾದ ಗಾಜಿನ ಬಟ್ಟಲಿನಲ್ಲಿ ಹಾಕಿ, ಅಸಿಟಿಕ್ ಆಮ್ಲವನ್ನು ಬೆರೆಸಿ, ನಾರಿನ ಎಳೆಯೊಂದನ್ನು ಅದರಲ್ಲಿಟ್ಟು ಕಾದರೆ, ಯೂರಿಕ್ ಆಮ್ಲವು ಹೆಚ್ಚಾಗಿದ್ದಲ್ಲಿ ಎಳೆಯ ಮೇಲೆ ಹರಳುಗಳು ಕೂಡುತ್ತಿದ್ದುವು. ಇಂದು ಈ ಪರೀಕ್ಷೆಯನ್ನು ಯೂರಿಕೇಸ್ ಎಂಬ ಕಿಣ್ವದ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ನಡೆಸುತ್ತಾರೆ. ಹರಳುಗಳು ಉರಿಯೂತದ ಫಲವಲ್ಲ, ಅದರ ಕಾರಣ ಎಂಬ ಅಭಿಪ್ರಾಯವನ್ನು ಗ್ಯಾರಡ್ ೧೮೫೯ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಅದಕ್ಕೆ ಪ್ರತ್ಯಕ್ಷ ಪ್ರಮಾಣ ದೊರೆತದ್ದು ನೂರು ವರ್ಷಗಳ ಅನಂತರ. ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬವರು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಮೂಲಕ, ಊದಿಕೊಂಡ ಕೀಲುಗಳ ದ್ರವದಲ್ಲಿ ಸೂಜಿಯಾಕಾರದ ಮಾನೋಸೋಡಿಯಮ್ ಯೂರೇಟ್ ಹರಳುಗಳನ್ನು ಕಂಡರು. ಮರುವರ್ಷ ಫೇರ್ಸ್ ಮತ್ತು ಮೆಕಾರ್ಟಿ ಅಂಥ ಹರಳುಗಳನ್ನು ತಮ್ಮ ಸ್ವಂತ ಮೊಣಕಾಲುಗಳಿಗೇ ಚುಚ್ಚಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಗೌಟ್ ರೋಗದ ತೀವ್ರ ಯಾತನೆಯನ್ನು ಅನುಭವಿಸಿದರು. ಗ್ಯಾರಡನ ಅಭಿಪ್ರಾಯವು ಆಗ ಸಿದ್ಧಾಂತವಾಯಿತು.

೨. ದೇಹದಲ್ಲಿ ಯೂರಿಕ್ ಆಮ್ಲದ ಆಯವ್ಯಯ

ಜೀವಕೋಶಗಳ ನ್ಯೂಕ್ಲಿಯಿಕ್ ಆಮ್ಲಗಳಲ್ಲಿಯೂ, ಶಕ್ತಿವಾಹಕಗಳಾದ ಇತರ ಸಂಯುಕ್ತಗಳಲ್ಲಿಯೂ ಪ್ಯೂರಿನ್ ಎಂಬ ಘಟಕಗಳಿರುತ್ತವೆ. ಇವು ಸವೆದಾಗ ಹೈಪೊಜ್ಯಾಂಥಿನ್ ಆಗಿ, ಅನಂತರ ಜ್ಯಾಂಥಿನ್ ಆಗಿ, ಕಡೆಯಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುತ್ತವೆ. ಈ ಕೊನೆಯ ಎರಡು ಹಂತಗಳನ್ನು ನಡೆಸುವುದು ಜ್ಯಾಂಥಿನ್ ಆಕ್ಸಿಡೇಸ್ ಎಂಬ ಒಂದೇ ಕಿಣ್ವ. ಬಹುಪಾಲು ಸಸ್ತನಿಗಳಲ್ಲಿ ಯೂರಿಕೇಸ್ ಕಿಣ್ವವು ಯೂರಿಕ್ ಆಮ್ಲವನ್ನು ಮತ್ತೂ ವಿಭಜಿಸಿ, ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟಾಯಿನ್ ಆಗಿ ಪರಿವರ್ತಿಸುತ್ತದೆ. ಮನುಷ್ಯನೂ ಅವನ ಹತ್ತಿರದ ಬಂಧುಗಳಾದ ವಾನರಗಳೂ ವಿಕಾಸದ ಹಾದಿಯಲ್ಲಿ ಈ ಕಿಣ್ವವನ್ನು ಕಳೆದುಕೊಂಡಿರುವುದರಿಂದ, ನಮ್ಮ ದೇಹದಲ್ಲಿ ಯೂರಿಕ್ ಆಮ್ಲವೇ ಕಡೆಯ ಪದಾರ್ಥ. ಗೌಟ್ ಮುಖ್ಯವಾಗಿ ಮನುಷ್ಯನ ರೋಗವಾಗಿರುವುದಕ್ಕೆ ಇದೇ ಮೂಲ.

ಆರೋಗ್ಯವಂತನಾದ ಪುರುಷನ ದೇಹದಲ್ಲಿ ಯಾವುದೇ ಒಂದು ಕ್ಷಣದಲ್ಲಿ ಸುಮಾರು ೧,೨೦೦ ಮಿಲಿಗ್ರಾಂ ಯೂರಿಕ್ ಆಮ್ಲವು ಕರಗಿದ ಸ್ಥಿತಿಯಲ್ಲಿರುತ್ತದೆ. ಸ್ತ್ರೀಯರಲ್ಲಿ ಇದರ ಅರ್ಧದಷ್ಟು. ದಿನವೊಂದಕ್ಕೆ ಸುಮಾರು ೭೦೦ ಮಿಲಿಗ್ರಾಂ ಹೊಸದಾಗಿ ಸೇರುತ್ತದೆ, ಅಷ್ಟೇ ಹೊರಹೋಗುತ್ತದೆ. ವ್ಯಯದ ಮೂರನೆಯ ಎರಡು ಭಾಗ ಮೂತ್ರಪಿಂಡಗಳ ಮೂಲಕ, ಉಳಿದುದು ಕರುಳಿನ ಮೂಲಕ. ಮೂತ್ರಪಿಂಡವು ಸೋಸಿದ ಯೂರೇಟಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಮತ್ತೆ ರಕ್ತಕ್ಕೆ ಮರಳಿಸುತ್ತದೆ. ಈ ಮರುಹೀರಿಕೆಯನ್ನು ನಡೆಸುವ ಮುಖ್ಯ ವಾಹಕವನ್ನು ಜಪಾನಿನ ಸಂಶೋಧಕರು ೨೦೦೨ರಲ್ಲಿ ಗುರುತಿಸಿ ಯುರಾಟ್-೧ ಎಂದು ಕರೆದರು. ಗೌಟ್ ರೋಗಿಗಳಲ್ಲಿ ಬಹುಪಾಲು ಜನರ ದೋಷವು ಅಧಿಕ ಉತ್ಪಾದನೆಯಲ್ಲ, ವಿಸರ್ಜನೆಯ ನ್ಯೂನತೆ. ಆದಕಾರಣ ಗೌಟನ್ನು ಕೇವಲ ನಾಲಗೆಯ ಚಾಪಲ್ಯದ ಫಲವೆಂದು ಬಗೆದು ರೋಗಿಯನ್ನು ನಿಂದಿಸುವುದು ವಿಜ್ಞಾನಸಮ್ಮತವಲ್ಲ. ಪಥ್ಯವು ಅವಶ್ಯಕವೇ ಸರಿ. ಆದರೆ ಕಟ್ಟುನಿಟ್ಟಾದ ಪಥ್ಯದಿಂದಲೂ ಸೀರಮಿನ ಯೂರೇಟ್ ಸಾಮಾನ್ಯವಾಗಿ ಡೆಸಿಲೀಟರಿಗೆ ಸುಮಾರು ೧ ಮಿಲಿಗ್ರಾಂ ಮಾತ್ರ ಇಳಿಯುತ್ತದೆ.

೩. ಹರಳುಗಟ್ಟುವ ಮಿತಿ

ರಕ್ತದ ಸಹಜ ಕ್ಷಾರತೆಯಲ್ಲಿ ಯೂರಿಕ್ ಆಮ್ಲದ ಅತಿ ಹೆಚ್ಚಿನ ಪಾಲು ಯೂರೇಟ್ ಅಯಾನಿನ ರೂಪದಲ್ಲಿರುತ್ತದೆ. ರಕ್ತದಲ್ಲಿರುವ ಮುಖ್ಯ ಧನ ಅಯಾನು ಸೋಡಿಯಮ್. ಇವೆರಡೂ ಕೂಡಿದ ಲವಣದ ದ್ರಾವ್ಯತೆ ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಡೆಸಿಲೀಟರಿಗೆ ಸುಮಾರು ೬.೮ ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾದರೆ ದ್ರಾವಣವು ಅತಿಪರ್ಯಾಪ್ತವಾಗುತ್ತದೆ. ಉಷ್ಣತೆ ೩೦ ಡಿಗ್ರಿಗೆ ಇಳಿದರೆ ದ್ರಾವ್ಯತೆಯೂ ಸುಮಾರು ೪.೫ ಮಿಲಿಗ್ರಾಂಗೆ ಇಳಿಯುತ್ತದೆ. ಹೃದಯದಿಂದ ದೂರವಾಗಿ, ದೇಹದ ನಡುಭಾಗಕ್ಕಿಂತ ತಣ್ಣಗಿರುವ ಕಾಲ್ಬೆರಳು, ಪಾದ, ಕಿವಿಯ ಅಂಚು ಮೊದಲಾದೆಡೆಗಳಲ್ಲಿ ಹರಳು ಕೂಡುವುದಕ್ಕೆ ಇದು ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಆದರೆ ಮಿತಿಯನ್ನು ಮೀರಿದ ಮಾತ್ರಕ್ಕೆ ಎಲ್ಲರಿಗೂ ಗೌಟ್ ಬರುವುದಿಲ್ಲ. ಅಧಿಕ ಯೂರೇಟ್ ಉಳ್ಳವರಲ್ಲಿ ಅನೇಕರು ಜೀವಮಾನವಿಡೀ ಒಂದು ಬಾರಿಯೂ ಈ ನೋವನ್ನು ಕಾಣದೆ ಇರುತ್ತಾರೆ. ಅಂಥವರಿಗೆ, ಅಂಕಿಯನ್ನು ಮಾತ್ರ ನೋಡಿ ಔಷಧ ಕೊಡುವುದನ್ನು ಅಮೆರಿಕದ ಸಂಧಿರೋಗ ವೈದ್ಯರ ಸಂಸ್ಥೆಯ ೨೦೨೦ರ ಮಾರ್ಗಸೂಚಿಯು ಅನುಮೋದಿಸುವುದಿಲ್ಲ.

ಹರಳು ಕೂಡಿದ ದೇಹದಲ್ಲಿ ಯೂರೇಟಿನ ಸಂಚಯಗಳು ಎರಡಾಗುತ್ತವೆ: ರಕ್ತದಲ್ಲಿಯೂ ದೇಹದ್ರವಗಳಲ್ಲಿಯೂ ಕರಗಿರುವುದು ಒಂದು, ಕೀಲು, ಸ್ನಾಯುಬಂಧ, ಚರ್ಮದಡಿ ಮೊದಲಾದೆಡೆ ಘನರೂಪದಲ್ಲಿ ಕುಳಿತಿರುವುದು ಇನ್ನೊಂದು. ೧೯೪೯ರಲ್ಲಿ ಬೆನೆಡಿಕ್ಟ್ ಮತ್ತು ಸಹೋದ್ಯೋಗಿಗಳು ನೈಟ್ರೊಜನ್-೧೫ ಎಂಬ ಐಸೋಟೋಪಿನಿಂದ ಗುರುತು ಮಾಡಿದ ಯೂರಿಕ್ ಆಮ್ಲವನ್ನು ರಕ್ತಕ್ಕೆ ಸೇರಿಸಿ ಈ ಸಂಚಯಗಳನ್ನು ಅಳೆಯುವ ಮಾರ್ಗವನ್ನು ತೋರಿಸಿಕೊಟ್ಟರು. ಗಂಟುಗಳಿಲ್ಲದ ಗೌಟ್ ರೋಗಿಗಳಲ್ಲಿ ಒಟ್ಟು ಸಂಚಯವು ೨ರಿಂದ ೪ ಗ್ರಾಂಗಳಷ್ಟಿದ್ದರೆ, ದೊಡ್ಡ ಗಂಟುಗಳಿರುವವರಲ್ಲಿ ೩೦ ಗ್ರಾಂಗಳನ್ನೂ ಮುಟ್ಟಬಹುದು.

ನಮ್ಮ ನಾಡಿನ ಕೆರೆಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ವಿಷಯ. ತೂಬನ್ನೆತ್ತಿ ಕೆರೆಯ ನೀರನ್ನು ಕೆಲವೇ ದಿನಗಳಲ್ಲಿ ತಗ್ಗಿಸಬಹುದು. ತಳದಲ್ಲಿ ವರ್ಷಗಳಿಂದ ಕುಳಿತ ಹೂಳು ಅದರೊಡನೆ ಹೋಗುವುದಿಲ್ಲ. ರಕ್ತಪರೀಕ್ಷೆಯು ತಿಳಿಸುವುದು ನೀರಿನ ಮಟ್ಟವನ್ನು, ರೋಗವಿರುವುದು ಹೂಳಿನಲ್ಲಿ. ಹೋಲಿಕೆಯು ಒಂದು ಅಂಶದಲ್ಲಿ ಮಾತ್ರ ಸಲ್ಲುವುದಿಲ್ಲ: ಯೂರೇಟಿನ ಹೂಳು, ಮೇಲಿನ ನೀರು ಸಾಕಷ್ಟು ತಿಳಿಯಾಗಿ ಉಳಿದಲ್ಲಿ, ತಾನಾಗಿಯೇ ಕರಗುತ್ತದೆ. ಚಿಕಿತ್ಸೆಯ ಸಮಸ್ತ ಭರವಸೆಯೂ ಈ ಒಂದು ಗುಣವನ್ನೇ ಅವಲಂಬಿಸಿದೆ.

೪. ನೋವಿನ ಕಾಲದ ಪರೀಕ್ಷೆ

ಮೊದಲನೆಯ ಸಂದರ್ಭವನ್ನು ಈಗ ಪರಿಶೀಲಿಸಬಹುದು. ತೀವ್ರ ನೋವಿನಲ್ಲಿರುವ ರೋಗಿಯ ರಕ್ತವನ್ನು ಪರೀಕ್ಷಿಸಿದಾಗ, ಕೆಲವು ಬಾರಿ ಯೂರೇಟ್ ಸಹಜ ಮಿತಿಯೊಳಗೇ ಇರುತ್ತದೆ. ಉರಿಯೂತವು ಪ್ರಬಲವಾಗಿರುವಾಗ ಮೂತ್ರಪಿಂಡಗಳು ಯೂರೇಟನ್ನು ಎಂದಿಗಿಂತ ಹೆಚ್ಚಾಗಿ ಹೊರಹಾಕುವುದೇ ಇದಕ್ಕೆ ಮುಖ್ಯ ಕಾರಣ. ಆಕ್ರಮಣವು ಶಾಂತವಾದ ಮೇಲೆ ಪ್ರಮಾಣವು ತನ್ನ ಹಿಂದಿನ ಎತ್ತರಕ್ಕೆ ಮರಳುತ್ತದೆ. ಹೀಗಿರುವುದರಿಂದ ಆ ದಿನದ ಸಹಜ ಅಂಕಿಯೊಂದನ್ನೇ ನೆಚ್ಚಿ ಗೌಟ್ ಅಲ್ಲವೆಂದು ತೀರ್ಮಾನಿಸುವುದು ತಪ್ಪು. ನೋವು ಅಡಗಿ ಎರಡು ವಾರಗಳಾದರೂ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಸಂಶಯವು ಉಳಿದಲ್ಲಿ ಕೀಲಿನ ದ್ರವವನ್ನು ತೆಗೆದು ಹರಳನ್ನು ಪ್ರತ್ಯಕ್ಷವಾಗಿ ಕಾಣುವುದೇ ಅತ್ಯಂತ ನಿಶ್ಚಿತವಾದ ಪ್ರಮಾಣ. ಅಲ್ಲದೆ, ಕೀಲಿನಲ್ಲಿ ಸೋಂಕು ಉಂಟಾದಾಗಲೂ ಲಕ್ಷಣಗಳು ಇದೇ ಬಗೆಯವಾಗಿರುವುದರಿಂದ, ಅಧಿಕ ಯೂರೇಟ್ ಕಂಡುಬಂದ ಮಾತ್ರಕ್ಕೆ ಸೋಂಕಿಲ್ಲವೆಂದು ನಿಶ್ಚಿಂತರಾಗಿರುವುದೂ ಅಪಾಯಕರ.

೫. ಔಷಧಗಳು ಮತ್ತು ಇಳಿಕೆಯ ಕ್ರಮ

ಯೂರೇಟನ್ನು ಇಳಿಸುವ ಮಾರ್ಗಗಳು ಮೂರು: ಉತ್ಪಾದನೆಯನ್ನು ತಡೆಯುವುದು, ವಿಸರ್ಜನೆಯನ್ನು ಹೆಚ್ಚಿಸುವುದು, ಇರುವುದನ್ನು ವಿಭಜಿಸುವುದು.

ಮೊದಲನೆಯ ವರ್ಗದಲ್ಲಿ ಅಲೋಪ್ಯೂರಿನಾಲ್ ಪ್ರಧಾನವಾದುದು. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಇದನ್ನು ಅರಸಿದ್ದು ಗೌಟ್ ರೋಗಕ್ಕಾಗಿ ಅಲ್ಲ. ರಕ್ತದ ಕ್ಯಾನ್ಸರಿಗೆ ಕೊಡುವ ೬-ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವನ್ನು ಜ್ಯಾಂಥಿನ್ ಆಕ್ಸಿಡೇಸ್ ನಾಶಪಡಿಸುತ್ತಿದ್ದುದರಿಂದ, ಆ ಕಿಣ್ವವನ್ನು ತಡೆಹಿಡಿಯುವ ವಸ್ತುವೊಂದು ಅವರಿಗೆ ಬೇಕಾಗಿತ್ತು. ಅದನ್ನು ಸೇವಿಸಿದವರಲ್ಲಿ ಯೂರಿಕ್ ಆಮ್ಲವು ಇಳಿದುದು ಗಮನಕ್ಕೆ ಬಂದು, ೧೯೬೬ರಲ್ಲಿ ಅದು ಅಮೆರಿಕದಲ್ಲಿ ಗೌಟ್ ರೋಗದ ಔಷಧವಾಗಿ ಅಂಗೀಕೃತವಾಯಿತು. ೧೯೮೮ರಲ್ಲಿ ಇವರಿಬ್ಬರೂ ಜೇಮ್ಸ್ ಬ್ಲ್ಯಾಕ್ ಅವರೊಡನೆ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು. ಈ ಪೂರ್ವವೃತ್ತಾಂತದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಅಂಗಕಸಿ ಮೊದಲಾದ ಸಂದರ್ಭಗಳಲ್ಲಿ ಕೊಡುವ ಅಜಥಯೋಪ್ರಿನ್ ದೇಹದೊಳಗೆ ೬-ಮರ್ಕ್ಯಾಪ್ಟೊಪ್ಯೂರಿನ್ ಆಗಿಯೇ ಪರಿವರ್ತನೆ ಹೊಂದುವುದರಿಂದ, ಅದರ ಜೊತೆಗೆ ಅಲೋಪ್ಯೂರಿನಾಲ್ ಸೇರಿದರೆ ಅಸ್ಥಿಮಜ್ಜೆಗೆ ತೀವ್ರ ಹಾನಿಯಾಗಬಹುದು.

ಅಲೋಪ್ಯೂರಿನಾಲ್ ತಾನು ರಕ್ತದಲ್ಲಿ ಒಂದೆರಡು ಗಂಟೆಗಳಿಗಿಂತ ಹೆಚ್ಚು ಕಾಲ ಪ್ರಬಲವಾಗಿರುವುದಿಲ್ಲ. ಅದರಿಂದುಂಟಾಗುವ ಆಕ್ಸಿಪ್ಯೂರಿನಾಲ್ ದಿನವಿಡೀ ಉಳಿದು ಕಿಣ್ವವನ್ನು ತಡೆಯುತ್ತದೆ. ಔಷಧವನ್ನು ಆರಂಭಿಸಿದ ಒಂದೆರಡು ದಿನಗಳಲ್ಲಿಯೇ ಸೀರಮಿನ ಯೂರೇಟ್ ಇಳಿಯತೊಡಗಿ, ಸುಮಾರು ಎರಡು ವಾರಗಳಲ್ಲಿ ಆ ಪ್ರಮಾಣದ ಔಷಧದಿಂದ ಸಾಧ್ಯವಾದ ಇಳಿಕೆಯ ಬಹುಭಾಗ ಪೂರ್ಣವಾಗುತ್ತದೆ. ಆದ್ದರಿಂದ ಪ್ರಮಾಣವನ್ನು ಬದಲಿಸಿದ ಮೇಲೆ ಕೆಲವು ವಾರ ಕಾದು ಪರೀಕ್ಷಿಸುವುದು ಯುಕ್ತ. ಮೊದಲು ದಿನಕ್ಕೆ ೧೦೦ ಮಿಲಿಗ್ರಾಂಗೆ ಮೀರದಂತೆ, ಮೂತ್ರಪಿಂಡದ ದೌರ್ಬಲ್ಯವುಳ್ಳವರಲ್ಲಿ ಇನ್ನೂ ಕಡಮೆಯಾಗಿ ಆರಂಭಿಸಿ, ರಕ್ತದ ಅಂಕಿಯನ್ನು ನೋಡುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಇಂದಿನ ಪದ್ಧತಿ. ಕೆಲವರಲ್ಲಿ ಈ ಔಷಧವು ಪ್ರಾಣಾಂತಿಕವಾದ ಚರ್ಮವ್ಯಾಧಿಯನ್ನುಂಟುಮಾಡುತ್ತದೆ. ಎಚ್.ಎಲ್.ಎ.-ಬಿ ೫೮:೦೧ ಎಂಬ ಆನುವಂಶಿಕ ಲಕ್ಷಣದೊಡನೆ ಅದಕ್ಕೆ ನಿಕಟ ಸಂಬಂಧವಿರುವುದನ್ನು ತೈವಾನಿನ ಸಂಶೋಧಕರು ೨೦೦೫ರಲ್ಲಿ ತೋರಿಸಿದರು. ಮೈಮೇಲೆ ದದ್ದು ಕಾಣಿಸಿದೊಡನೆ ಔಷಧವನ್ನು ನಿಲ್ಲಿಸಿ ವೈದ್ಯನನ್ನು ಕಾಣಬೇಕೆಂಬುದನ್ನು ಪ್ರತಿಯೊಬ್ಬ ರೋಗಿಗೂ ಮೊದಲೇ ತಿಳಿಸಿರಬೇಕು. ಇದೇ ವರ್ಗಕ್ಕೆ ಸೇರಿದ ಫೆಬುಕ್ಸೊಸ್ಟಾಟ್ ೨೦೦೯ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ೨೦೧೮ರ ಅಧ್ಯಯನವೊಂದರ ಆಧಾರದ ಮೇಲೆ ಹೃದಯಸಂಬಂಧವಾದ ಮರಣಗಳ ವಿಷಯದಲ್ಲಿ ಅದಕ್ಕೆ ಎಚ್ಚರಿಕೆಯ ಸೂಚನೆಯನ್ನು ಸೇರಿಸಲಾಯಿತಾದರೂ, ೨೦೨೦ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನದಲ್ಲಿ ಅಂಥ ಹೆಚ್ಚಳವು ಕಂಡುಬರಲಿಲ್ಲ.

ಎರಡನೆಯ ವರ್ಗದ ಪ್ರೊಬೆನೆಸಿಡ್, ಮೊದಲು ಪೆನಿಸಿಲಿನ್ ಬೇಗನೆ ಮೂತ್ರದಲ್ಲಿ ಹೊರಹೋಗದಂತೆ ತಡೆಯಲು ಸಿದ್ಧಪಡಿಸಿದ ವಸ್ತು. ಇಂಥ ಔಷಧಗಳನ್ನು ಕೊಟ್ಟಾಗ ರಕ್ತದಲ್ಲಿ ಯೂರೇಟ್ ಇಳಿಯುತ್ತದೆ; ಮೂತ್ರದಲ್ಲಿ ಮೊದಮೊದಲು ಏರುತ್ತದೆ. ಮೂತ್ರವು ಆಮ್ಲೀಯವಾಗಿದ್ದರೆ ಯೂರಿಕ್ ಆಮ್ಲವು ಅಲ್ಪವಾಗಿ ಮಾತ್ರ ಕರಗುತ್ತದೆ; ಪಿ.ಎಚ್. ೫ರಿಂದ ೭ಕ್ಕೆ ಏರಿದಾಗ ಕರಗುವ ಪ್ರಮಾಣವು ಹತ್ತು ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚಾಗುತ್ತದೆ. ಆದಕಾರಣ ಈ ಔಷಧಗಳನ್ನು ಸೇವಿಸುವವರು ಧಾರಾಳವಾಗಿ ನೀರು ಕುಡಿಯಬೇಕು. ಮೂತ್ರಕಲ್ಲುಗಳ ಪೂರ್ವಚರಿತ್ರೆಯುಳ್ಳವರಿಗೆ ಇವು ಸಾಮಾನ್ಯವಾಗಿ ಹೊಂದುವುದಿಲ್ಲ.

ಮೂರನೆಯದು, ನಾವು ಕಳೆದುಕೊಂಡ ಯೂರಿಕೇಸ್ ಕಿಣ್ವವನ್ನೇ ಹೊರಗಿನಿಂದ ಕೊಡುವುದು. ಇತರ ಔಷಧಗಳು ಫಲಿಸದ ತೀವ್ರ ಗೌಟಿಗಾಗಿ ಪೆಗ್ಲೊಟಿಕೇಸ್ ೨೦೧೦ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಇದನ್ನು ರಕ್ತನಾಳಕ್ಕೆ ಹನಿಸಿದ ಒಂದು ದಿನದೊಳಗಾಗಿ ಸೀರಮಿನ ಯೂರೇಟ್ ಬಹುತೇಕ ಶೂನ್ಯಕ್ಕಿಳಿಯುತ್ತದೆ. ಆದರೆ ಅನೇಕರ ದೇಹವು ಇದರ ವಿರುದ್ಧ ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆಗ ಮೊದಲ ಸೂಚನೆಯನ್ನು ನೀಡುವುದು ಯೂರಿಕ್ ಆಮ್ಲದ ಅಂಕಿಯೇ: ಇಳಿದಿದ್ದ ಪ್ರಮಾಣವು ೬ ಮಿಲಿಗ್ರಾಂಗಿಂತ ಮೇಲೇರಿದರೆ ಔಷಧದ ಬಲವು ಕುಂದಿತೆಂದೂ, ಮುಂದಿನ ಬಾರಿ ಕೊಟ್ಟರೆ ತೀವ್ರ ಪ್ರತಿಕ್ರಿಯೆಯಾಗುವ ಸಂಭವವು ಹೆಚ್ಚೆಂದೂ ಅರಿಯಬೇಕು.

೬. ಇಳಿಕೆಯ ಕಾಲದ ನೋವು

ಎರಡನೆಯ ಸಂದರ್ಭವೇ ರೋಗಿಗಳನ್ನು ಅತ್ಯಂತ ಹೆಚ್ಚಾಗಿ ದಾರಿತಪ್ಪಿಸುವಂಥದು. ಕೀಲಿನ ಒಳಪದರದಲ್ಲಿ ಬಹುಕಾಲದಿಂದ ಕುಳಿತ ಹರಳುಗಳು ಸಾಮಾನ್ಯವಾಗಿ ಪ್ರೋಟೀನುಗಳ ಹೊದಿಕೆಯನ್ನು ಪಡೆದು ಶಾಂತವಾಗಿರುತ್ತವೆ. ಸುತ್ತಲಿನ ದ್ರವದಲ್ಲಿ ಯೂರೇಟ್ ಹಠಾತ್ತಾಗಿ ಇಳಿದಾಗ ಹರಳುಗಳ ಹೊರಮೈ ಕರಗಿ, ರಾಶಿಯು ಸಡಿಲಗೊಂಡು, ಸೂಕ್ಷ್ಮ ಹರಳುಗಳು ಕೀಲಿನ ದ್ರವಕ್ಕೆ ಕಳಚಿಬೀಳುತ್ತವೆ. ರಕ್ಷಣಾಕೋಶಗಳು ಅವನ್ನು ನುಂಗಲು ಧಾವಿಸುತ್ತವೆ. ಆಗ ಕೋಶದೊಳಗಿನ ಎನ್.ಎಲ್.ಆರ್.ಪಿ.-೩ ಎಂಬ ಪ್ರೋಟೀನು ವ್ಯೂಹವು ಚೇತನಗೊಂಡು, ಇಂಟರ್‌ಲ್ಯೂಕಿನ್-೧ ಬೀಟಾ ಎಂಬ ಪ್ರಬಲವಾದ ಉರಿಯೂತಕಾರಕವನ್ನು ಬಿಡುಗಡೆ ಮಾಡುವುದೆಂದು ಸ್ವಿಟ್ಜರ್ಲೆಂಡಿನ ಚೋಪ್ ಮತ್ತು ಸಹೋದ್ಯೋಗಿಗಳು ೨೦೦೬ರಲ್ಲಿ ತೋರಿಸಿದರು. ಹೀಗೆ, ಇಳಿಕೆಯ ಕಾಲದ ನೋವು ಔಷಧವು ವಿಫಲವಾದುದರ ಗುರುತಲ್ಲ. ಹಳೆಯ ಸಂಚಯವು ಕದಲಿದುದರ ಗುರುತು.

ಇದರಿಂದ ಎರಡು ಪ್ರಾಯೋಗಿಕ ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಇಳಿಕೆಯು ಹಠಾತ್ತಾಗಿರದೆ ಕ್ರಮವಾಗಿರಬೇಕು. ಎರಡನೆಯದಾಗಿ, ಆರಂಭದ ತಿಂಗಳುಗಳಲ್ಲಿ ಉರಿಯೂತವನ್ನು ತಡೆಯುವ ಔಷಧವೂ ಜೊತೆಗಿರಬೇಕು. ಅಮೆರಿಕದಲ್ಲಿ ಬೋರ್‌ಸ್ಟಾಡ್ ಮತ್ತು ಸಹೋದ್ಯೋಗಿಗಳು ೨೦೦೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಲೋಪ್ಯೂರಿನಾಲ್ ಆರಂಭಿಸಿದ ೪೩ ರೋಗಿಗಳಲ್ಲಿ ಒಂದು ಗುಂಪಿಗೆ ಕಾಲ್ಚಿಸಿನ್, ಇನ್ನೊಂದು ಗುಂಪಿಗೆ ಅದರಂತೆಯೇ ಕಾಣುವ ಔಷಧರಹಿತ ಗುಳಿಗೆಯನ್ನು ಕೊಡಲಾಯಿತು. ಆರು ತಿಂಗಳಲ್ಲಿ ರೋಗಿಯೊಬ್ಬನಿಗೆ ಸರಾಸರಿ ೦.೫೨ ಆಕ್ರಮಣಗಳು ಮೊದಲ ಗುಂಪಿನಲ್ಲಿ, ೨.೯೧ ಆಕ್ರಮಣಗಳು ಎರಡನೆಯ ಗುಂಪಿನಲ್ಲಿ. ಈ ರಕ್ಷಣೆಯನ್ನು ಮೂರರಿಂದ ಆರು ತಿಂಗಳವರೆಗೆ ಮುಂದುವರಿಸಬೇಕೆಂಬುದು ಇಂದಿನ ಮಾರ್ಗಸೂಚಿಗಳ ಅಭಿಪ್ರಾಯ. ಫೆಬುಕ್ಸೊಸ್ಟಾಟಿನ ೨೦೦೫ರ ಪ್ರಸಿದ್ಧ ಪರೀಕ್ಷೆಯಲ್ಲಿ ಅದನ್ನು ಎಂಟನೆಯ ವಾರಕ್ಕೇ ನಿಲ್ಲಿಸಲಾಗಿತ್ತು. ನಿಲ್ಲಿಸಿದೊಡನೆ ಆಕ್ರಮಣಗಳು ಹೆಚ್ಚಿದುವು. ಕಾಲ್ಚಿಸಿನ್ ನಿರಪಾಯವಾದ ವಸ್ತುವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮೂತ್ರಪಿಂಡದ ರೋಗವುಳ್ಳವರಲ್ಲಿಯೂ, ಕ್ಲಾರಿತ್ರೊಮೈಸಿನ್‌ನಂಥ ಔಷಧಗಳ ಜೊತೆಯಲ್ಲಿಯೂ ಅದು ವಿಷವಾಗಬಲ್ಲದು.

ಯೂರೇಟನ್ನು ಇಳಿಸುವ ಔಷಧವನ್ನು ಈಗಾಗಲೇ ಸೇವಿಸುತ್ತಿರುವವನಿಗೆ ಆಕ್ರಮಣವುಂಟಾದರೆ, ನೋವಿಗೆ ಪ್ರತ್ಯೇಕವಾಗಿ ಚಿಕಿತ್ಸೆ ಮಾಡಬೇಕೇ ಹೊರತು ಮೂಲ ಔಷಧವನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಯೂರೇಟ್ ಏರುತ್ತದೆ. ಪುನಃ ಆರಂಭಿಸಿದಾಗ ಮತ್ತೊಮ್ಮೆ ಇಳಿಯುತ್ತದೆ. ಪ್ರತಿಯೊಂದು ಇಳಿಕೆಯೂ ಹೊಸ ಆಕ್ರಮಣಕ್ಕೆ ಅವಕಾಶ ಕೊಡುತ್ತದೆ.

೭. ಸಂಚಯವು ಕರಗುವ ಬಗೆ

ಮೂರನೆಯ ಸಂದರ್ಭವನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ರೋಗಿಯೊಬ್ಬನಲ್ಲಿ ೧೦ ಗ್ರಾಂ ಯೂರೇಟ್ ಹರಳಾಗಿ ಕುಳಿತಿದೆಯೆಂದು ಇಟ್ಟುಕೊಳ್ಳೋಣ. ದಿನವೊಂದಕ್ಕೆ ೭೦೦ ಮಿಲಿಗ್ರಾಂ ಇದ್ದ ಉತ್ಪಾದನೆಯನ್ನು ಔಷಧವು ೪೦೦ಕ್ಕೆ ಇಳಿಸಿತು. ಮೂತ್ರ ಮತ್ತು ಕರುಳುಗಳ ಮೂಲಕ ೪೫೦ ಮಿಲಿಗ್ರಾಂ ಹೊರಹೋಗುತ್ತಿದೆ. ಹೆಚ್ಚಿನ ೫೦ ಮಿಲಿಗ್ರಾಂ ಹಳೆಯ ಸಂಚಯದಿಂದ ಬಂದುದು. ಈ ವೇಗದಲ್ಲಿ ೧೦ ಗ್ರಾಂ ಕರಗುವುದಕ್ಕೆ ೨೦೦ ದಿನಗಳು ಬೇಕು. ಸೀರಮಿನ ಅಂಕಿಯಾದರೋ ಎರಡು ವಾರಗಳಲ್ಲಿಯೇ ಇಳಿದುಬಿಟ್ಟಿರುತ್ತದೆ. ಉಳಿದ ಆರು ತಿಂಗಳು ರೋಗಿಯು ಗುಣವಾದಂತೆ ಕಾಣುತ್ತಾನೆ. ರೋಗವು ಮಾತ್ರ ಇದ್ದೇ ಇರುತ್ತದೆ. ಸಂಚಯವು ಕರಗುತ್ತಿರುವವರೆಗೆ ಅದರಿಂದ ಯೂರೇಟ್ ರಕ್ತಕ್ಕೆ ಒಸರುತ್ತಲೇ ಇರುವುದರಿಂದ, ಅದು ಬರಿದಾದ ಮೇಲೆ ಅದೇ ಪ್ರಮಾಣದ ಔಷಧದಿಂದ ಸೀರಮಿನ ಅಂಕಿಯು ಇನ್ನೂ ಸ್ವಲ್ಪ ಇಳಿಯುವುದು ಸಾಧ್ಯ.

ಕರಗುವಿಕೆಯ ವೇಗವು ಸ್ಥೂಲವಾಗಿ ದ್ರಾವ್ಯತೆಯ ಮಿತಿಗೂ ರಕ್ತದ ಪ್ರಮಾಣಕ್ಕೂ ಇರುವ ಅಂತರವನ್ನು ಅನುಸರಿಸುತ್ತದೆ. ಮಿತಿಯನ್ನು ೬.೮ ಎಂದಿಟ್ಟುಕೊಂಡರೆ, ರಕ್ತದಲ್ಲಿ ೬ ಇದ್ದಾಗ ಅಂತರವು ೦.೮, ೪ ಇದ್ದಾಗ ೨.೮, ಎಂದರೆ ಮೂರೂವರೆ ಪಟ್ಟು. ಸ್ಪೇನಿನ ಪೆರೆಜ್-ರುಯಿಜ್ ಮತ್ತು ಸಹೋದ್ಯೋಗಿಗಳು ೨೦೦೨ರಲ್ಲಿ ರೋಗಿಗಳ ಗಂಟುಗಳನ್ನು ಅಳೆದು, ಚಿಕಿತ್ಸೆಯಲ್ಲಿ ಸೀರಮಿನ ಯೂರೇಟ್ ಎಷ್ಟು ಕೆಳಗಿರುವುದೋ ಗಂಟುಗಳು ಅಷ್ಟು ಶೀಘ್ರವಾಗಿ ಕುಗ್ಗುವುದನ್ನು ದೃಢಪಡಿಸಿದರು. ಡೆಸಿಲೀಟರಿಗೆ ೬ ಮಿಲಿಗ್ರಾಂಗಿಂತ ಕಡಮೆ, ಅಂದರೆ ಲೀಟರಿಗೆ ೩೬೦ ಮೈಕ್ರೋಮೋಲಿಗಿಂತ ಕಡಮೆ, ಎಂಬ ಗುರಿಗೆ ದ್ರಾವ್ಯತೆಯೇ ಆಧಾರ. ಗಂಟುಗಳಿರುವ ತೀವ್ರ ರೋಗದಲ್ಲಿ ೫ಕ್ಕಿಂತ ಕೆಳಗೆ ಇಡಬೇಕೆಂದೂ, ಬಹುಕಾಲ ೩ಕ್ಕಿಂತ ಕೆಳಗಿಳಿಸುವುದು ಯುಕ್ತವಲ್ಲವೆಂದೂ ಯೂರೋಪಿನ ಸಂಧಿರೋಗ ಸಂಘದ ೨೦೧೬ರ ಶಿಫಾರಸು ಹೇಳುತ್ತದೆ.

೮. ಗುರಿಯ ವಿಷಯದಲ್ಲಿ ಭಿನ್ನಾಭಿಪ್ರಾಯ

ಅಂಕಿಯನ್ನು ಬೆನ್ನಟ್ಟುವುದು ನಿಜಕ್ಕೂ ಅಗತ್ಯವೇ ಎಂಬ ಪ್ರಶ್ನೆಯೂ ಎದ್ದಿದೆ. ನಿರ್ದಿಷ್ಟ ಗುರಿಯನ್ನಿಟ್ಟುಕೊಂಡ ಚಿಕಿತ್ಸೆಯಿಂದ ರೋಗಿಗೆ ಹೆಚ್ಚು ಹಿತವಾಗುವುದೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ಅಮೆರಿಕದ ವೈದ್ಯರ ಕಾಲೇಜು ೨೦೧೭ರ ತನ್ನ ಮಾರ್ಗಸೂಚಿಯಲ್ಲಿ ಅಭಿಪ್ರಾಯಪಟ್ಟಿತು. ಮರುವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಡೊಹರ್ಟಿ ಮತ್ತು ಸಹೋದ್ಯೋಗಿಗಳು ೫೧೭ ರೋಗಿಗಳ ಎರಡು ವರ್ಷಗಳ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಗುಂಪಿಗೆ ಸಾಮಾನ್ಯ ವೈದ್ಯರಿಂದ ವಾಡಿಕೆಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ತರಬೇತಿ ಪಡೆದ ದಾದಿಯರು ರೋಗದ ಸ್ವರೂಪವನ್ನು ವಿವರಿಸಿ, ರೋಗಿಯ ಸಮ್ಮತಿಯೊಡನೆ ಔಷಧವನ್ನು ಗುರಿ ತಲುಪುವವರೆಗೆ ಏರಿಸಿದರು. ದಾದಿಯರ ಗುಂಪಿನಲ್ಲಿ ನೂರಕ್ಕೆ ೯೫ ಮಂದಿ ಗುರಿಯನ್ನು ತಲುಪಿದರು. ಇನ್ನೊಂದರಲ್ಲಿ ೩೦ ಮಂದಿ. ಎರಡನೆಯ ವರ್ಷದಲ್ಲಿ ಎರಡು ಅಥವಾ ಹೆಚ್ಚು ಆಕ್ರಮಣಗಳನ್ನು ಅನುಭವಿಸಿದವರು ಕ್ರಮವಾಗಿ ನೂರಕ್ಕೆ ೮ ಮತ್ತು ೨೪. ಫಲವು ಸ್ಪಷ್ಟವಾಗಿ ಕಂಡದ್ದು ಮೊದಲನೆಯ ವರ್ಷದಲ್ಲಲ್ಲ, ಎರಡನೆಯದರಲ್ಲಿ ಎಂಬುದು ಸಂಚಯದ ತತ್ತ್ವಕ್ಕೆ ಸಂಪೂರ್ಣವಾಗಿ ಅನುಗುಣವಾಗಿದೆ. ವಿವರಣೆಯೂ ಔಷಧದಷ್ಟೇ ಮುಖ್ಯವೆಂಬುದನ್ನು ಈ ಪರೀಕ್ಷೆಯು ಸೂಚಿಸುತ್ತದೆ.

೯. ಅಂಕಿಯನ್ನು ಕದಲಿಸುವ ಇತರ ಕಾರಣಗಳು

ಚಿಕಿತ್ಸೆಯ ನಡುವೆ ಯೂರೇಟ್ ಅನಿರೀಕ್ಷಿತವಾಗಿ ಏರಿದರೆ, ಔಷಧವನ್ನು ದೂಷಿಸುವ ಮುನ್ನ ಇತರ ಕಾರಣಗಳನ್ನು ಹುಡುಕಬೇಕು. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ವರ್ಗದ ಮೂತ್ರವರ್ಧಕಗಳೂ, ಹೃದಯರಕ್ಷಣೆಗಾಗಿ ಕೊಡುವ ಅಲ್ಪ ಪ್ರಮಾಣದ ಆಸ್ಪಿರಿನ್ನೂ ಯೂರೇಟನ್ನು ಹಿಡಿದಿಡುತ್ತವೆ. ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡಬೇಕಾದುದು ಕ್ಷಯರೋಗದ ಚಿಕಿತ್ಸೆಯಲ್ಲಿ ಬಳಸುವ ಪೈರಜಿನಮೈಡ್. ಅದು ಯೂರೇಟಿನ ವಿಸರ್ಜನೆಯನ್ನು ಬಲವಾಗಿ ತಡೆಯುತ್ತದೆ. ಇಂಥ ಔಷಧಗಳನ್ನು ರೋಗಿಯು ತಾನಾಗಿಯೇ ಬಿಟ್ಟುಬಿಡುವುದು ಗೌಟಿಗಿಂತ ದೊಡ್ಡ ವಿಪತ್ತಿಗೆ ದಾರಿಯಾದೀತು. ಬದಲಾಯಿಸುವ ಅಥವಾ ಮುಂದುವರಿಸುವ ನಿರ್ಣಯವು ವೈದ್ಯನದು. ಉಪವಾಸ, ಮದ್ಯಪಾನ, ನಿರ್ಜಲತೆ, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಸೇರಿಸಿದ ಪಾನೀಯಗಳು, ಇವೂ ಯೂರೇಟನ್ನು ಏರಿಸಬಲ್ಲವು. ಸ್ತ್ರೀಯರಲ್ಲಿ ಋತುಬಂಧದ ಅನಂತರ ಅದು ಸಹಜವಾಗಿಯೇ ಏರುತ್ತದೆ.

ಇವೆಲ್ಲಕ್ಕಿಂತಲೂ ಸಾಮಾನ್ಯವಾದ ಕಾರಣ, ರೋಗಿಯು ಗುಳಿಗೆಯನ್ನು ಬಿಟ್ಟಿರುವುದು. ಔಷಧವನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಯೂರೇಟ್ ಹಳೆಯ ಮಟ್ಟಕ್ಕೆ ಏರುತ್ತದೆ. ನೋವು ಮಾತ್ರ ಕೂಡಲೇ ಬರುವುದಿಲ್ಲ. ಹರಳುಗಳು ಮತ್ತೆ ಕೂಡುವುದಕ್ಕೆ ತಿಂಗಳುಗಳು, ಕೆಲವರಲ್ಲಿ ವರ್ಷಗಳು ಬೇಕಾಗುತ್ತವೆ. ಈ ಮೌನದ ಅವಧಿಯು ಔಷಧವು ಅನಾವಶ್ಯಕವಾಗಿತ್ತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮೂತ್ರಪಿಂಡದ ವಿಸರ್ಜನಾದೋಷವನ್ನು ಔಷಧವು ಸರಿಪಡಿಸಿರುವುದಿಲ್ಲ. ಅದರ ಪರಿಣಾಮವನ್ನು ತಡೆದಿರುತ್ತದೆ ಅಷ್ಟೆ. ಆದ್ದರಿಂದಲೇ ಬಹುಪಾಲು ರೋಗಿಗಳಿಗೆ ಚಿಕಿತ್ಸೆಯು ದೀರ್ಘಕಾಲದ್ದು.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಸೀರಮಿನ ಯೂರಿಕ್ ಆಮ್ಲವು ರೋಗದ ಪರಿಮಾಣವನ್ನಲ್ಲ, ಹರಳುಗಳು ಬೆಳೆಯುತ್ತಿವೆಯೇ ಕರಗುತ್ತಿವೆಯೇ ಎಂಬ ದಿಕ್ಕನ್ನು ತೋರಿಸುತ್ತದೆ. ಆಕ್ರಮಣದ ದಿನದ ಅಂಕಿಯೊಂದನ್ನೇ ನಂಬಲಾಗದು. ಇಳಿಕೆಯ ಕಾಲದ ನೋವು ನಿರೀಕ್ಷಿತವಾದುದು. ಅದನ್ನು ತಡೆಯುವ ಉಪಾಯಗಳಿವೆ. ಅಂಕಿಯು ಇಳಿದ ದಿನವೇ ರೋಗವು ತೀರಿತೆಂದಲ್ಲ; ಹರಳುಗಳು ಕರಗುವುದಕ್ಕೆ ಕಾಲವು ಬೇಕು, ಕರಗಿದ ಮೇಲೂ ಕಾವಲು ಬೇಕು.

ಕೀಲುರೋಗಗಳಲ್ಲಿ ಅನೇಕವುಗಳ ಕಾರಣವು ಇಂದಿಗೂ ಪೂರ್ಣವಾಗಿ ವಿದಿತವಲ್ಲ. ಗೌಟಿನ ಕಾರಣವು ವಿದಿತ; ಅದನ್ನು ಅಳೆಯುವ ಸಾಧನವು ಸುಲಭ; ನೀಗುವ ಔಷಧವು ೧೯೬೬ರಿಂದಲೂ ಬಳಕೆಯಲ್ಲಿದೆ. ಇಷ್ಟಿದ್ದರೂ ಜನರು ಬೆರಳುಗಳು ಸೊಟ್ಟಗಾಗುವವರೆಗೆ ನರಳುತ್ತಿರುವುದಕ್ಕೆ ಜ್ಞಾನದ ಕೊರತೆಗಿಂತ ಅದನ್ನು ರೋಗಿಗೆ ತಲುಪಿಸುವುದರ ಕೊರತೆಯೇ ಹೆಚ್ಚಿನ ಕಾರಣ. ಮೊದಲ ಗುಳಿಗೆಯನ್ನು ಕೊಡುವ ದಿನವೇ, ಇದು ಯೂರಿಕ್ ಆಮ್ಲವನ್ನು ಇಳಿಸುತ್ತದೆ, ಇಳಿಯುವಾಗ ಒಂದೆರಡು ಬಾರಿ ನೋವು ಬಂದರೂ ಬರಬಹುದು, ಬಂದರೆ ನಿಲ್ಲಿಸದೆ ನನ್ನ ಬಳಿಗೆ ಬಾ ಎಂದು ವೈದ್ಯನು ರೋಗಿಗೆ ಅವನ ಮಾತಿನಲ್ಲಿಯೇ ತಿಳಿಯಹೇಳಿದರೆ, ಚಿಕಿತ್ಸೆಯ ಅತ್ಯಂತ ಕಠಿಣವಾದ ಭಾಗವು ಮುಗಿದಂತೆಯೇ ಸರಿ.